ಎರಡು ಬೀರು, ಒಂದು ಕಣ್ಣೀರು

ವಾನರರ ಕಥೆಗೆ ಮಂಗಳ ಹಾಡಿದ ಚಿತ್ರ ಯಾವುದು ಅಂತ ಕೇಳಿದರೆ ಇವತ್ತಿನ ಹುಡುಗರು ತಬ್ಬಿಬ್ಬಾಗುತ್ತಾರೆ. ಅವರಿಗೆ ಗೊತ್ತಿರುವುದು 2011ರಿಂದೀಚೆಗೆ ಬಂದ ಕಂಪ್ಯೂಟರ್ ವಾನರರು. ನಾನು ಹೇಳಹೊರಟಿರುವುದು ಮುಖಕ್ಕೆ ರಬ್ಬರ್ ಅಂಟಿಸಿಕೊಂಡು, ಬೆವರು ಸುರಿಸಿ ನಟಿಸಿದ ಹಳೇ ವಾನರರ ವಿಷಯ. 1968ರಲ್ಲಿ ‘ಪ್ಲಾನೆಟ್ ಆಫ್ ದಿ ಏಪ್ಸ್’ ಎಂದು ಆರಂಭವಾದ ಆ ಸಂಸಾರ 1973ರಲ್ಲಿ ಐದನೆಯ ಚಿತ್ರ ‘ಬ್ಯಾಟಲ್ ಫಾರ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ನೊಂದಿಗೆ ಮುಗಿಯಿತು. ಐದನ್ನೂ 2008ರಲ್ಲಿ ಬ್ಲೂ-ರೇ ತಟ್ಟೆ ಮಾಡಿ ಒಂದೇ ಪೆಟ್ಟಿಗೆಯಲ್ಲಿ ಹೊರತಂದರು. ಆ ಪೆಟ್ಟಿಗೆಯ ಕೊನೆಯ ಚಿತ್ರ ಮನೆಯಲ್ಲಿ ಕೂತು ನೋಡುವಂಥದ್ದೇ, ಅಲ್ಲವೇ? ಇದಿಷ್ಟೇ ಇಂದಿನ ವಿಚಾರಣೆ.

ಕಥೆ ಮರೆತವರಿಗಾಗಿ ನಾಲ್ಕು ಮಾತು. ಮೊದಲ ಚಿತ್ರದಲ್ಲಿ ಚಾರ್ಲ್ಟನ್ ಹೆಸ್ಟನ್ ಯಾವುದೋ ಗ್ರಹಕ್ಕೆ ಬಂದಿಳಿದೆ ಅಂದುಕೊಂಡಿರುತ್ತಾನೆ. ಮರಳಲ್ಲಿ ಹೂತ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಂಡಾಗ ಇದು ನಮ್ಮದೇ ಭೂಮಿ ಅಂತ ತಿಳಿದು ಕುಸಿದು ಬೀಳುತ್ತಾನೆ. ಎರಡನೆಯದರಲ್ಲಿ (1970) ನೆಲದಡಿ ಬದುಕುವ ಮನುಷ್ಯರು ಒಂದು ಅಣುಬಾಂಬನ್ನೇ ದೇವರೆಂದು ಪೂಜಿಸುತ್ತಾರೆ. ಅದೇ ಬಾಂಬು ಸಿಡಿದು ಭೂಮಿಯೇ ಭಸ್ಮ! ಭೂಮಿ ಹೋದ ಮೇಲೆ ಇನ್ನೇನು ಕಥೆ ಅಂತೀರಾ? ಮೂರನೆಯದರಲ್ಲಿ (1971) ಕಾರ್ನೀಲಿಯಸ್, ಜೀರಾ ಎಂಬ ವಾನರ ದಂಪತಿ ಕಾಲದಲ್ಲಿ ಹಿಂದಕ್ಕೆ ಬಂದು 1973ರ ಅಮೆರಿಕದಲ್ಲಿ ಇಳಿಯುತ್ತಾರೆ. ಅವರನ್ನು ಕೊಲ್ಲುತ್ತಾರೆ, ಮಗು ಉಳಿಯುತ್ತದೆ. ಆ ಮಗುವೇ ಸೀಸರ್. ನಾಲ್ಕನೆಯದರಲ್ಲಿ (1972) ಅವನು ಗುಲಾಮ ವಾನರರನ್ನೆಲ್ಲ ಎಬ್ಬಿಸಿ ದಂಗೆ ಮಾಡುತ್ತಾನೆ. ಐದನೆಯದು ಬರುವ ಹೊತ್ತಿಗೆ ನಗರಗಳು ಅಣುಯುದ್ಧದಲ್ಲಿ ಸುಟ್ಟುಹೋಗಿವೆ, ಸೀಸರ್ ಕಾಡಿನ ನಡುವೆ ಊರು ಕಟ್ಟಿ ಆಳುತ್ತಿದ್ದಾನೆ. ಮನುಷ್ಯರೂ ಅಲ್ಲಿದ್ದಾರೆ, ಆದರೆ ಕೈಕೆಳಗಿನವರಾಗಿ.

ಮೊದಲು ಚಿತ್ರದ ಅಂದಚಂದ ನೋಡೋಣ. ತಟ್ಟೆಯಲ್ಲಿ ಬಿಂಬ ಕನ್ನಡಿಯ ಹಾಗಿದೆ. ಬಂದ ತೊಂದರೆಯೂ ಅದೇ! ಮೊದಲ ಚಿತ್ರಕ್ಕೆ ಸುಮಾರು 58 ಲಕ್ಷ ಡಾಲರ್ ಖರ್ಚಾಗಿತ್ತು. ಕೊನೆಯದಕ್ಕೆ ಕೊಟ್ಟದ್ದು ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ‘ದಿ ಗನ್ಸ್ ಆಫ್ ನ್ಯಾವರೋನ್’ ಕೊಟ್ಟ ಜೆ. ಲೀ ಥಾಂಪ್ಸನ್ ಇದರ ನಿರ್ದೇಶಕ. ಆದರೆ ಜೇಬಲ್ಲಿ ಕಾಸಿಲ್ಲದಿದ್ದರೆ ನಿರ್ದೇಶಕ ಮಹಾಶಯ ತಾನೇ ಏನು ಮಾಡಿಯಾನು? ಲೋಕದ ಹಣೆಬರಹ ನಿರ್ಧರಿಸುವ ಮಹಾಯುದ್ಧಕ್ಕೆ ಶತ್ರುಸೈನ್ಯ ಬರುವುದು ಯಾವುದರಲ್ಲಿ ಗೊತ್ತೇ? ಕೆಲವು ಜೀಪು ಮತ್ತು ಒಂದು ಹಳೇ ಶಾಲಾ ಬಸ್ಸಿನಲ್ಲಿ! ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಮುಂದಿನ ಸಾಲಿನ ವಾನರರ ತುಟಿ ಅಲುಗುತ್ತದೆ, ಹಿಂದಿನ ಸಾಲಿನವರ ಮುಖವಾಡ ಮರದ ಬೊಂಬೆಯಂತೆ ನಿಂತಿರುತ್ತದೆ. ಹಳೇ ಟೀವಿಯ ಮಸುಕಿನಲ್ಲಿ ಮುಚ್ಚಿಹೋಗಿದ್ದ ಬಡತನವೆಲ್ಲ ಇಲ್ಲಿ ಬಯಲಾಗುತ್ತದೆ.

ಹಾಗಾದರೆ ನೋಡಬೇಕಾದದ್ದು ಏನು? ರಾಡಿ ಮೆಕ್‌ಡೊವಾಲ್! ರಬ್ಬರ್ ಮುಖದ ಹಿಂದಿನಿಂದ ಬರೀ ಕಣ್ಣಲ್ಲೇ ನಟಿಸುತ್ತಾನೆ. ಸೀಸರ್‌ಗೆ ಹೆತ್ತವರ ನೆನಪಿಲ್ಲ. ಅವರು ಮಾತಾಡಿದ ದಾಖಲೆ ಟೇಪು ಹಾಳು ನಗರದ ನೆಲಮಾಳಿಗೆಯಲ್ಲಿದೆ ಎಂದು ತಿಳಿದು ಜೀವದ ಹಂಗು ತೊರೆದು ಹೋಗುತ್ತಾನೆ. ಪುಟ್ಟ ಪರದೆಯ ಮೇಲೆ ಸತ್ತ ತಂದೆತಾಯಿಯ ಮುಖ ಮೂಡುತ್ತದೆ. ಆ ತಂದೆ ಕಾರ್ನೀಲಿಯಸ್‌ನ ಪಾತ್ರವನ್ನು ಮಾಡಿದ್ದವನೂ ಮೆಕ್‌ಡೊವಾಲನೇ! ದ್ವಿಪಾತ್ರ ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಮಗನಾಗಿ ಕೂತು, ಎರಡು ವರ್ಷ ಹಿಂದೆ ತಾನೇ ಮಾಡಿದ ತಂದೆಯನ್ನು ಕಣ್ತುಂಬ ನೋಡುವ ಭಾಗ್ಯ ಎಷ್ಟು ನಟರಿಗೆ ಸಿಕ್ಕಿದೆ? ಭೂಮಿ ಮುಂದೆ ನಾಶವಾಗುತ್ತದೆ ಎಂದು ಆ ಟೇಪಿನಿಂದ ಸೀಸರ್‌ಗೆ ಗೊತ್ತಾಗುತ್ತದೆ. ಅದನ್ನು ತಪ್ಪಿಸಬಹುದೇ? ಉಳಿದ ಚಿತ್ರವೆಲ್ಲ ಈ ಪ್ರಶ್ನೆಯೇ. ವಿಧಿಯಾಟ ನೋಡಿ, ಆ ಟೇಪು ನೋಡಲು ಹೋದದ್ದರಿಂದಲೇ ನಗರದ ಮನುಷ್ಯರ ಕಣ್ಣಿಗೆ ಬಿದ್ದು ಯುದ್ಧ ಅಂಟಿಕೊಳ್ಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಚಿತ್ರಕ್ಕೆ ಎರಡು ರೂಪಗಳಿವೆ. ಅಂದು ಥಿಯೇಟರಿನಲ್ಲಿ ತೋರಿಸಿದ್ದು ಒಂದೂವರೆ ಗಂಟೆಗೂ ಕಡಿಮೆ. ತಟ್ಟೆಯಲ್ಲಿ ಬಂದ ಉದ್ದನೆಯ ರೂಪ 96 ನಿಮಿಷ. ಹೆಚ್ಚಿಗೆ ಬಂದ ಆ ಕೆಲವು ನಿಮಿಷಗಳಲ್ಲೇ ಇಡೀ ಸಂಸಾರದ ಬೇರು ಇದೆ ಸ್ವಾಮಿ!

ನಗರದ ನಾಯಕ ಕೋಲ್ಪ್ ಯುದ್ಧಕ್ಕೆ ಹೊರಡುವಾಗ ಅವನ ಬಳಿ ‘ಆಲ್ಫಾ-ಒಮೇಗಾ’ ಎಂಬ ಬಾಂಬಿದೆ. ತಾನು ಸೋತರೆ ಅದನ್ನು ಹಾರಿಸಿಬಿಡು ಎಂದು ಆಲ್ಮಾ ಎಂಬಾಕೆಗೆ ಹೇಳಿ ಹೋಗುತ್ತಾನೆ. ಕೋಲ್ಪ್ ಸೋಲುತ್ತಾನೆ. ಆಲ್ಮಾ ಅದಕ್ಕೆ ಕೈಹಾಕುವ ಹೊತ್ತಿಗೆ ಮೆಂಡೆಜ್ ಎಂಬುವನು ತಡೆಯುತ್ತಾನೆ. ಇದನ್ನು ಹಾರಿಸಬಾರದು, ಗೌರವದಿಂದ ಕಾಪಾಡಬೇಕು ಅನ್ನುತ್ತಾನೆ. ಕೇಳಿದರೆ ಒಳ್ಳೇ ಮಾತು. ಆದರೆ ಎರಡನೆಯ ಚಿತ್ರದಲ್ಲಿ ಜನ ಪೂಜಿಸುತ್ತಿದ್ದ ಬಾಂಬಿನ ಹೆಸರೂ ಅದೇ, ಅಲ್ಲಿ ಆಳುವವನ ವಂಶದ ಹೆಸರೂ ಮೆಂಡೆಜ್! ಭೂಮಿಯನ್ನು ಸುಟ್ಟ ದೇವರು ಹುಟ್ಟಿದ್ದು ಹೀಗೆ.

ಇತ್ತ ವಾನರರ ಊರಿನಲ್ಲೂ ಆಯುಧದ ಕೋಣೆ ಇದೆ. ಮ್ಯಾಂಡಿಮಸ್ ಎಂಬ ಮುದುಕ ಅದರ ಕಾವಲು. ಏಕೆ ಬೇಕು, ಯಾರಿಗೆ ಬೇಕು ಎಂದು ಕೇಳದೆ ಬೀಗ ತೆಗೆಯುವುದಿಲ್ಲ. ಯುದ್ಧ ಮುಗಿದು ಮನುಷ್ಯರಿಗೂ ವಾನರರಿಗೂ ರಾಜಿಯಾದ ಮೇಲೆ ಕೋವಿಗಳೇನಾಗುತ್ತವೆ? ಮತ್ತೆ ಅದೇ ಕೋಣೆಗೆ. ಚಿಕ್ಕ ರೂಪದಲ್ಲಿ ನಮಗೆ ಕಾಣುವುದು ಈ ಒಂದು ಬೀರು ಮಾತ್ರ. ಉದ್ದನೆಯದರಲ್ಲಿ ಎರಡೂ ಬೀರು ಕಾಣುತ್ತವೆ. ಒಂದರಲ್ಲಿ ಕೋವಿ, ಇನ್ನೊಂದರಲ್ಲಿ ಬಾಂಬು. ಎರಡೂ ಕಡೆಯವರು ಒಳ್ಳೆಯ ಮನಸ್ಸಿನಿಂದಲೇ ಬೀಗ ಹಾಕಿದ್ದಾರೆ.

ನನ್ನ ಜೊತೆ ಕೂತು ಎರಡನ್ನೂ ನೋಡಿದ ಅಕ್ಕನ ಮಗ ಇದನ್ನು ಒಪ್ಪಲಿಲ್ಲ.

“ಮಾವಾ, ಚಿಕ್ಕದೇ ಚೆನ್ನಾಗಿದೆ. ಅಷ್ಟೆಲ್ಲ ಕಷ್ಟಪಟ್ಟು ರಾಜಿಯಾಗಿದ್ದಾರೆ. ಆ ಬಾಂಬನ್ನ ಮತ್ತೆ ಯಾಕೆ ತೋರಿಸ್ಬೇಕು? ಸುಮ್ನೆ ಸಂಕಟ.”

“ತೋರಿಸ್ದೇ ಇದ್ರೆ ಅದು ಇಲ್ಲ ಅಂತಾಗುತ್ತೇನೋ?” ಅಂದೆ.

“ಸಿನಿಮಾದಲ್ಲಿ ಇಲ್ಲ ಅಂದ್ರೆ ಇಲ್ಲ ಅಷ್ಟೇ ಮಾವ!”

ಹುಡುಗನ ಮಾತಿನಲ್ಲಿ ತೂಕ ಇಲ್ಲದೆ ಇಲ್ಲ. ಸುಖಾಂತ್ಯ ಬೇಡ ಅನ್ನಲು ನಾನ್ಯಾರು? ಆದರೂ ನನಗೆ ಆ ಬೀರು ಬೇಕು. ಯಾಕೆ ಅಂತ ಹೇಳಿಬಿಡುತ್ತೇನೆ.

ನಮ್ಮದು ಮಲೆನಾಡು. ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಹೆದರಿಸಲು ಮನೆಯಲ್ಲೊಂದು ಲೈಸೆನ್ಸಿನ ಕೋವಿ ಇತ್ತು. ಚುನಾವಣೆ ಬಂದಾಗ ಠಾಣೆಗೆ, ಮುಗಿದ ಮೇಲೆ ವಾಪಸ್ ಗೋಡೆಯ ಮೊಳೆಗೆ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ, ಸೇವಂತಿಗೆ ಹೂವು. ಒಂದು ಮಳೆಗಾಲದಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಹಿಸ್ಸೆಯ ಜಗಳ ಬಿತ್ತು. ಮಾತಿಗೆ ಮಾತು ಬೆಳೆದು ಚಿಕ್ಕಪ್ಪ ಗೋಡೆಯ ಕೋವಿಗೆ ಕೈಹಾಕಿದ. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು, “ಅದನ್ನ ತಗದಲ್ಲೇ ಇಡು” ಅಂದಳು. ಅಷ್ಟೇ. ಚಿಕ್ಕಪ್ಪ ಇಟ್ಟ. ಮರುದಿನ ಇಬ್ಬರೂ ಒಟ್ಟಿಗೆ ಗಂಜಿ ಉಂಡರು. ‘ಏನೂ ಆಗಲಿಲ್ಲ, ದೇವರು ದೊಡ್ಡವನು’ ಅಂತ ಊರೆಲ್ಲ ಹೇಳಿತು. ಏನೂ ಆಗಲಿಲ್ಲ, ನಿಜ. ಆದರೆ ಆಮೇಲೆ ಅಮ್ಮ ಆ ಗೋಡೆಯ ಕಡೆ ನೋಡದೆ ಜಗಲಿ ದಾಟಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಬರುವ ವರ್ಷ ಆಯುಧಪೂಜೆಗೆ ಅದಕ್ಕೆ ಹೂ ಮುಡಿಸಿದವಳೂ ಅವಳೇ.

ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ಒಪ್ಪಿಸಿಬಿಡೋಣ ಅಂತ ನಾನು ಅಂದರೆ, “ಇರ್ಲಿ ಬಿಡೋ, ಅದರ ಪಾಡಿಗೆ ಅದಿರುತ್ತೆ” ಅಂತ ನಮ್ಮಣ್ಣ. ಈ ಚರ್ಚೆ ಇನ್ನೂ ಮುಗಿದಿಲ್ಲ. ಮೆಂಡೆಜ್‌ನ ಮಾತು ಕೇಳಿದಾಗ ನನಗೆ ನಮ್ಮಣ್ಣನ ದನಿಯೇ ಕೇಳಿಸಿತು.

ಚಿತ್ರದ ಕೊನೆಯ ದೃಶ್ಯ ನಡೆಯುವುದು 2670ನೇ ಇಸವಿಯಲ್ಲಿ. ಜಾನ್ ಹ್ಯೂಸ್ಟನ್, ಹೌದು, ಆ ಪ್ರಸಿದ್ಧ ನಿರ್ದೇಶಕನೇ, ವಾನರ ಗುರುವಿನ ವೇಷದಲ್ಲಿ ಮಕ್ಕಳಿಗೆ ಕಥೆ ಹೇಳಿ ಮುಗಿಸುತ್ತಾನೆ. ಮನುಷ್ಯರ ಮಕ್ಕಳು, ವಾನರರ ಮಕ್ಕಳು ಒಟ್ಟಿಗೆ ಕೂತಿದ್ದಾರೆ. ಕ್ಯಾಮೆರಾ ಸೀಸರ್‌ನ ಕಲ್ಲಿನ ಪ್ರತಿಮೆಯತ್ತ ತಿರುಗುತ್ತದೆ. ಪ್ರತಿಮೆಯ ಕಣ್ಣಿಂದ ಒಂದು ಹನಿ ಜಾರುತ್ತದೆ. ಮುಗಿಯಿತು!

ಆ ಹನಿ ಸುಖದ್ದೋ, ದುಃಖದ್ದೋ? ಅರ್ಧ ಶತಮಾನದಿಂದ ಅಭಿಮಾನಿಗಳು ಜಗಳವಾಡುತ್ತಿದ್ದಾರೆ. ಚಿಕ್ಕ ರೂಪ ನೋಡಿದವರಿಗೆ ಆನಂದಬಾಷ್ಪ ಅನ್ನಿಸಬಹುದು. ಉದ್ದನೆಯದನ್ನು ನೋಡಿದವರಿಗೆ ನೆಲದಡಿಯ ಬಾಂಬು ನೆನಪಿಗೆ ಬರುತ್ತದೆ. ಜಗಲಿಯಲ್ಲಿ ಮಕ್ಕಳು ಆಡುತ್ತಿರುವಾಗ ಗೋಡೆಯ ಕಡೆ ಕಣ್ಣು ಹಾಯಿಸಿದ ತಾಯಿಗೆ ಹನಿಗೂಡುತ್ತದಲ್ಲ, ಅಂಥ ಕಣ್ಣೀರು ಅದು. ಸುಖ ಇದೆ, ಆದ್ದರಿಂದಲೇ ಭಯ ಇದೆ.

ಇನ್ನು ತೀರ್ಪು. ಯುದ್ಧದ ದೃಶ್ಯ ಸಪ್ಪೆ, ಮುಖವಾಡ ಅಗ್ಗದ್ದು, ಮೆಕ್‌ಡೊವಾಲ್ ಬಂಗಾರ. ಐದರಲ್ಲಿ ಇದು ಅತಿ ದುರ್ಬಲ ಚಿತ್ರ ಅನ್ನುವವರ ಜೊತೆ ನನಗೆ ತಕರಾರಿಲ್ಲ. ಆದರೆ ಥಿಯೇಟರಿನಲ್ಲಿ ಅರ್ಧ ಹೇಳಿದ ಕಥೆಯನ್ನು ಈ ತಟ್ಟೆ ಪೂರ್ತಿ ಹೇಳುತ್ತದೆ. ಅಷ್ಟಕ್ಕಾದರೂ ಇದು ಮನೆಯ ಬೀರುವಿನಲ್ಲಿ ಇಟ್ಟುಕೊಳ್ಳಬೇಕಾದದ್ದೇ. ನೋಡುವುದಾದರೆ 96 ನಿಮಿಷದ ರೂಪವನ್ನೇ ನೋಡಿ. ಮುಗಿದ ಮೇಲೆ ಎರಡನೆಯ ಚಿತ್ರವನ್ನು ಮತ್ತೊಮ್ಮೆ ಹಾಕಿ, ಬಾಂಬಿನ ಮುಂದೆ ಕೈಮುಗಿದು ನಿಂತವರ ಮುಖ ನೋಡಿ. ಈ ಸಲ ನಗು ಬರುವುದಿಲ್ಲ.