ಎಂಬತ್ತರ ಲಗಾಮು

ಹೈದರಾಬಾದು ಅರ್ಜಿಗಳ ಊರು. ಈ ಊರಿನ ಕಚೇರಿಗಳ ಎದುರು, ಮರದ ನೆರಳಿನಲ್ಲಿ ಪುಟ್ಟ ಮೇಜು ಹಾಕಿಕೊಂಡು ಪರರ ಅಹವಾಲನ್ನು ಕಾಗದಕ್ಕಿಳಿಸುವ ಜನ ಇಂದಿಗೂ ಕಾಣಸಿಗುತ್ತಾರೆ. 1956ರಲ್ಲಿ ಬೀದರ, ಕಲಬುರಗಿ, ರಾಯಚೂರುಗಳು ಅಂದಿನ ಮೈಸೂರು ರಾಜ್ಯದ ಪಾಲಾದಾಗ ಇಲ್ಲಿಯೇ ಉಳಿದ ಕನ್ನಡ ಮನೆತನಗಳವರಾದ ನಮಗೂ ಈ ವಿದ್ಯೆ ಅಪರಿಚಿತವಲ್ಲ. ಶಾಲೆಗೆ ಕನ್ನಡ ಶಿಕ್ಷಕರು ಬೇಕೆಂದು, ಊರಿಗೆ ಹೋಗುವ ರೈಲು ಇನ್ನೊಂದು ನಿಲ್ದಾಣದಲ್ಲಿ ನಿಲ್ಲಲೆಂದು ಎಷ್ಟೋ ಅರ್ಜಿ ಬರೆದಿದ್ದೇವೆ. ಆದರೆ ಕಳೆದ ವರ್ಷ ಆಷಾಢದಲ್ಲಿ ಬರೆದ ಒಂದು ಅರ್ಜಿಯಷ್ಟು ಯಾವುದೂ ನಮ್ಮನ್ನು ಕಾಡಿಸಲಿಲ್ಲ. ಅದರ ಕಥೆಯನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಕಾಚಿಗೂಡದ ಒಂದು ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಾವು ಏಳೆಂಟು ಮಂದಿ ವರ್ಷಕ್ಕೆ ಒಂದೆರಡು ಸಲ ಕೂಡಿ ಪ್ರವಾಸ ಹೋಗುವುದುಂಟು. ಮಂತ್ರಾಲಯ, ಗಾಣಗಾಪುರ, ಬೀದರದ ಝರಣಿ ನರಸಿಂಹ ನಮ್ಮ ಮಾಮೂಲಿನ ಕ್ಷೇತ್ರಗಳು. ಕರೆದೊಯ್ಯುವವನು ಔರಾದ ಕಡೆಯ ಒಬ್ಬ ಚಾಲಕ. ಹನ್ನೆರಡು ಆಸನದ, 2014ರಲ್ಲಿ ತಯಾರಾದ ಮ್ಯಾಕ್ಸಿಕ್ಯಾಬಿನ ಒಡೆಯ. ನಮ್ಮ ಹಿರಿಯರನ್ನೆಲ್ಲ ಕಾಕಾ ಎಂದೇ ಕರೆಯುತ್ತಾನೆ. ಆ ಸಂಜೆ ಕರೆಯದೆಯೇ ಬಂದು ಬಾಗಿಲ ಬಳಿ ನಿಂತ.

"ಕಾಕಾ, ನೀವು ನಾಕ ಅಕ್ಷರಾ ಬಲ್ಲವ್ರು. ನಂಗೊಂದು ಅರ್ಜಿ ಬರದ ಕೊಡ್ರಿ. ಎಂಪಿಗೆ, ಎಮ್ಮೆಲ್ಲೆಗೆ, ದಿಲ್ಲಿಗೆ, ಎಲ್ಲಾ ಕಡಿಗೂ ಹೋಗ್ಬೇಕು."

ಸಂಗತಿ ಇಷ್ಟು. ವಾಹನದ ಅರ್ಹತಾ ಪತ್ರದ ನವೀಕರಣಕ್ಕೆ ಹೋದಾಗ ವೇಗ ನಿಯಂತ್ರಕವಿಲ್ಲದೆ ಪತ್ರ ಸಿಗದೆಂದು ಹಿಂದಿರುಗಿಸಿದ್ದರು. ಜನ ಸ್ಪೀಡ್ ಗವರ್ನರ್ ಎನ್ನುವ ಈ ಉಪಕರಣ ವಾಹನದ ವೇಗವನ್ನು ಗಮನಿಸುತ್ತಾ, ಗೊತ್ತುಪಡಿಸಿದ ಮಿತಿ ಬಂದೊಡನೆ ಇಂಜಿನ್ನಿಗೆ ಹೋಗುವ ಇಂಧನವನ್ನೋ ಆಕ್ಸಿಲರೇಟರಿನ ಸಂಕೇತವನ್ನೋ ತಡೆಯುತ್ತದೆ. ಆಮೇಲೆ ಕಾಲನ್ನು ಎಷ್ಟು ಒತ್ತಿದರೂ ಗಾಡಿ ಮುಂದಕ್ಕೆ ಚಿಮ್ಮದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 118ನೆಯ ನಿಯಮದಲ್ಲಿ ಇದರ ವಿಧಿಯಿದೆ. 2015ರ ಏಪ್ರಿಲ್ 15ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ತಯಾರಾಗುವ ಸಾರಿಗೆ ವಾಹನಗಳು ಗಂಟೆಗೆ 80 ಕಿಲೋಮೀಟರಿನ ಮಿತಿಯ ನಿಯಂತ್ರಕವನ್ನು ಹೊಂದಿರಬೇಕು. ಶಾಲಾ ಬಸ್ಸು, ಟ್ಯಾಂಕರು, ಡಂಪರುಗಳಿಗೆ ಮಿತಿ 60. ಅದಕ್ಕೂ ಹಳೆಯ ವಾಹನಗಳ ವಿಚಾರವನ್ನು ರಾಜ್ಯಗಳಿಗೆ ಬಿಡಲಾಯಿತು.

ಚಾಲಕ ತನ್ನ ವಿರೋಧದ ಕಾರಣಗಳನ್ನು ಬೆರಳು ಮಡಚಿ ಎಣಿಸಿದ. ಏಳಾದವು. ನಾವು ಉತ್ಸಾಹದಿಂದಲೇ ಲೇಖನಿ ಹಿಡಿದೆವು. ಬಡವನ ಪರವಾಗಿ ಸರ್ಕಾರಕ್ಕೆ ಬರೆಯುವಾಗ ಸಾಹಿತಿಗಳಿಗೆ ಒಂದು ಬಗೆಯ ಸುಖವಿರುತ್ತದೆ; ಆ ಸುಖ ನಮಗೂ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ಮೊದಲ ಕರಡು ಅರ್ಧ ಗಂಟೆಯಲ್ಲಿ ಸಿದ್ಧವಾಯಿತು. ಅದರಲ್ಲಿ 'ಅಮಾನವೀಯ', 'ದುಡಿಯುವ ಕೈಗಳಿಗೆ ಸಂಕೋಲೆ' ಮುಂತಾದ ಮಾತುಗಳು ಧಾರಾಳವಾಗಿದ್ದವು.

ಓದಿದ ಮೇಲೆ ಎಲ್ಲರೂ ಅಕ್ಕನ ಮುಖ ನೋಡಿದೆವು. ಅಕ್ಕ ನಮ್ಮ ಕೂಟದ ಹಿರಿಯರು, ನಿವೃತ್ತ ಶಿಕ್ಷಕಿ. ಇಪ್ಪತ್ತು ವರ್ಷಗಳ ಹಿಂದೆ ಜಹೀರಾಬಾದಿನ ಸಮೀಪ ಅವರ ತಮ್ಮ ಸ್ಕೂಟರಿನಲ್ಲಿ ಬರುತ್ತಿದ್ದಾಗ ಹಿಂದಿನಿಂದ ಬಂದ ಜೀಪೊಂದು ಬಡಿದು ತೀರಿಕೊಂಡರು. ಅವರು ಆ ಮಾತೆತ್ತಲಿಲ್ಲ. "ಒಂದೊಂದೇ ಕಾರಣವನ್ನು ಬೇರೆ ಬೇರೆಯಾಗಿ ಬರೆಯಿರಿ, ಯಾವುದು ನಿಲ್ಲುತ್ತದೆ ನೋಡೋಣ" ಎಂದಷ್ಟೇ ಹೇಳಿದರು.

ಮೊದಲನೆಯ ಕಾರಣ ಹಿಂದಿಕ್ಕುವುದು. ಮಹಬೂಬ್‌ನಗರ ದಾಟಿ ರಾಯಚೂರಿನತ್ತ ಹೋಗುವಾಗ ಎದುರಿನ ವಾಹನಗಳಿಗೂ ಅದೇ ರಸ್ತೆಯಾದಲ್ಲಿ, ಲಾರಿಯನ್ನು ದಾಟುವ ಹೊತ್ತಿಗೆ ವೇಗ ಸಿಗದಿದ್ದರೆ ಜೀವಕ್ಕೆ ಅಪಾಯವೆಂಬ ವಾದ. ನಾವು ಲೆಕ್ಕ ಹಾಕಿದೆವು. 60ರಲ್ಲಿ ಸಾಗುವ ಲಾರಿಯನ್ನು 80ರಲ್ಲಿ ದಾಟಲು, ಹಿಂದೆ ಮುಂದೆ ಜಾಗವೂ ಸೇರಿ, ಸುಮಾರು ಒಂಬತ್ತು ಸೆಕೆಂಡು ಬೇಕು. ಅಷ್ಟರಲ್ಲಿ ನಮ್ಮ ವಾಹನ 200 ಮೀಟರು ಹೋಗಿರುತ್ತದೆ. ಭಯ ಸುಳ್ಳಲ್ಲ. "ಅಷ್ಟು ದೂರ ರಸ್ತೆ ಖಾಲಿ ಕಾಣದಿದ್ದರೆ ದಾಟಬಾರದು. ಅದಕ್ಕೆ ಕಾನೂನು ಏಕೆ ಬದಲಾಗಬೇಕು?" ಎಂದರು ಅಕ್ಕ. ಉತ್ತರ ಹೊಳೆಯಲಿಲ್ಲ. ಆ ಸಾಲನ್ನು ಹೊಡೆದುಹಾಕಿದೆವು.

ಎರಡನೆಯದು ಸಮಯ. 200 ಕಿಲೋಮೀಟರಿನ ದಾರಿಯನ್ನು ಉದ್ದಕ್ಕೂ 100ರಲ್ಲಿ ಓಡಿಸಲು ಸಾಧ್ಯವಾದರೂ ಉಳಿಯುವುದು ಅರ್ಧ ಗಂಟೆ. ವೇಗ 80ರಿಂದ 100ಕ್ಕೇರಿದರೆ ಹೆಚ್ಚಳ ಕಾಲು ಭಾಗ ಮಾತ್ರ; ಡಿಕ್ಕಿಯ ಶಕ್ತಿಯಾದರೋ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆ ಅರ್ಧ ಗಂಟೆ ಯಾರಿಗೆ ಬೇಕಾಗಿತ್ತು? ಚಾಲಕ ಸಂಕೋಚದಿಂದಲೇ ಹೇಳಿದ: "ಕಾಕಾ, ಹೋದ್ ಸಲ ಅಭಿಷೇಕ ತಪ್ತದ, ಬೇಗ ಹೊಡಿಯಪಾ ಅಂತ ನೀವೇ ಅಂದಿದ್ರಿ." ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನಿಜ, ನಾವೇ ಅಂದಿದ್ದೆವು. ಒಬ್ಬರಲ್ಲ, ಮೂವರು. ಆ ಕಾರಣವನ್ನೂ ಹೊಡೆದುಹಾಕಿದೆವು. ಹೊಡೆದುಹಾಕಿದ್ದು ನಮ್ಮ ಮಾತನ್ನೇ ಎಂದು ತಿಳಿದೇ.

ಮೂರನೆಯದನ್ನು ಅಳಿಸಲು ಮನಸ್ಸು ಬಾರದಾಯಿತು. "ಇಪ್ಪತ್ತೆರಡು ವರ್ಷದಾಗ ಒಂದು ನಾಯಿಗೂ ಬಡಿದಿಲ್ಲ ನಾನು. ನನ್ನ ಮ್ಯಾಲೆ ಭರೋಸಾ ಇಲ್ಲೇನು ಸರ್ಕಾರಕ್ಕ?" ಎಂಬುದು ಅವನ ಪ್ರಶ್ನೆ. ಇದು ವಾದವಲ್ಲ, ನೋವು. ಆದರೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದೂ, ಅವರಲ್ಲಿ ನೂರಕ್ಕೆ 71ರಷ್ಟು ಸಾವಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆಯೆಂದೂ ಕೇಂದ್ರದ ಹೆದ್ದಾರಿ ಸಚಿವಾಲಯದ ವರದಿ ಹೇಳುತ್ತದೆ. ಬೆಂಗಳೂರು–ಹೈದರಾಬಾದು ಹಾದಿಯ ನಮಗೆ ಇದು ಬರಿಯ ಅಂಕಿಯಲ್ಲ. 2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಬರುತ್ತಿದ್ದ ಬಸ್ಸು ಪಾಲೆಂ ಬಳಿ ಮೋರಿಯ ಕಟ್ಟೆಗೆ ತಗುಲಿ, ಬೆಂಕಿ ಹೊತ್ತಿ, 45 ಮಂದಿ ಬೆಂದುಹೋದರು. ಆ ದುರಂತಕ್ಕೆ ವೇಗವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಆ ದಾರಿಯ ರಾತ್ರಿ ಬಸ್ಸು ಹತ್ತದ ಕನ್ನಡ ಮನೆ ಈ ಊರಿನಲ್ಲಿ ಇರಲಾರದು. ಒಬ್ಬ ಚಾಲಕನ ನಿಷ್ಠೆಯನ್ನು ಮುಂದಿಟ್ಟು ಎಲ್ಲರ ಲಗಾಮನ್ನೂ ಬಿಚ್ಚಿರೆಂದು ಕೇಳಲು ಕೈ ಏಳಲಿಲ್ಲ.

ಹೀಗೆ ಮೂರು ಬಿದ್ದವು. ಉಳಿದ ನಾಲ್ಕು ನಿಂತವು. ಉಪಕರಣ ಕಳಪೆಯಾದರೆ ಮಿತಿಗೆ ಬಹಳ ಮೊದಲೇ ಇಂಧನ ತಡೆದು, ಏರಿನಲ್ಲಿ ಗಾಡಿ ಉಸಿರುಗಟ್ಟುತ್ತದೆ. ಹಾಗಾದಾಗ ದೂರುವುದಕ್ಕೆ ಬಡ ಮಾಲೀಕನಿಗೆ ಬಾಗಿಲಿಲ್ಲ. ಒಮ್ಮೆ ಕೊಂಡರೆ ಮುಗಿಯದು, ಅರ್ಹತಾ ಪತ್ರದ ಹೊತ್ತಿಗೆಲ್ಲ ಮಾರಾಟಗಾರ ಪ್ರಮಾಣಪತ್ರಕ್ಕೆಂದು ಕೇಳಿದಷ್ಟು ತೆರಬೇಕು. ಪರೀಕ್ಷೆಯ ದಿನ ಜೋಡಿಸಿದ ತಂತಿಯನ್ನು ಮರುದಿನವೇ ಕೀಳುವವರು ಎಷ್ಟೋ ಜನ; ಆದ್ದರಿಂದ ನಿಯಮ ಪಾಲಿಸುವವನೇ ಪೆದ್ದನಾಗುತ್ತಾನೆ. ಏಳನೆಯದು ಹೀಗಿತ್ತು: "ನಂಗಷ್ಟೇ ಯಾಕ? ರಿಂಗ್ ರೋಡಿನ ಮ್ಯಾಲೆ ಹೋಗೋ ದೊಡ್ಡ ದೊಡ್ಡ ಕಾರಿಗೆ ಯಾಕಿಲ್ಲ?"

ಈ ಏಳನೆಯ ಕಾರಣವೇ ನಮ್ಮ ಅರ್ಜಿಯ ಜೀವವಾಯಿತು. 118ನೆಯ ನಿಯಮ ಹೇಳುವುದು ಸಾರಿಗೆ ವಾಹನಗಳ, ಎಂದರೆ ಬಾಡಿಗೆಗೆ ದುಡಿಯುವ ವಾಹನಗಳ ವಿಷಯ. ಸ್ವಂತ ಕಾರಿಗೆ ಅದು ತಾಗದು. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಒಂದು ಎಚ್ಚರಿಕೆಯ ಸದ್ದು ಕೇಳಿಸಬೇಕೆಂಬ ವಿಧಿಯುಂಟು, ಅಷ್ಟೇ. ದುಡಿಯುವವನ ಕಾಲಿಗೆ ಕಟ್ಟು, ಒಡೆಯನ ಕಿವಿಗೆ ಒಂದು ಪಿಸುಮಾತು. ಈ ಸಾಲು ಬರೆಯುವಾಗ ನಮ್ಮಲ್ಲಿ ನಾಲ್ವರ ಕಾರುಗಳು ಹೊರಗೆ ನಿಂತಿದ್ದವು.

ಇತಿಹಾಸ ಬಲ್ಲ ಗೆಳೆಯರೊಬ್ಬರು ಅಮೆರಿಕದ ಸಿನ್ಸಿನಾಟಿ ನಗರದ ಪ್ರಸಂಗ ಹೇಳಿದರು. 1923ರಲ್ಲಿ ಅಲ್ಲಿಯ 42,000ಕ್ಕೂ ಹೆಚ್ಚು ಜನ, ಪ್ರತಿ ಮೋಟಾರಿಗೂ ಗಂಟೆಗೆ 25 ಮೈಲಿಯ, ಎಂದರೆ ಸುಮಾರು 40 ಕಿಲೋಮೀಟರಿನ ವೇಗ ನಿಯಂತ್ರಕ ಹಾಕಿಸಬೇಕೆಂದು ಸಹಿ ಮಾಡಿದರು. ಮೋಟಾರು ವ್ಯಾಪಾರಿಗಳೂ ಕಾರಿನ ಒಡೆಯರ ಸಂಘದವರೂ ಒಟ್ಟಾಗಿ ಜಾಹೀರಾತು, ಕಾಗದಗಳ ಮೂಲಕ ಅದರ ವಿರುದ್ಧ ಪ್ರಚಾರ ನಡೆಸಿದರು. ಮತಕ್ಕೆ ಹಾಕಿದಾಗ ನಿಯಂತ್ರಕ ಸೋತಿತು. ಅಂದಿನಿಂದ ಕಾರಿನ ಒಡೆಯರು ಗೆದ್ದೇ ಇದ್ದಾರೆ. ನಮ್ಮ ದೇಶದಲ್ಲಂತೂ ಅವರು ಒಂದು ಕಾಗದವನ್ನೂ ಬರೆಯಬೇಕಾಗಲಿಲ್ಲ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ರಸ್ತೆಯ ಮಿತಿಯನ್ನರಿತು ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಅಲ್ಲಿಯೂ ಚಾಲಕ ಬಯಸಿದರೆ ಅದನ್ನು ಮೀರಬಹುದು.

ಇನ್ನು ಯಾರಿಗೆ ಬರೆಯುವುದು? ಚಾಲಕನ ವಾಹನ ತೆಲಂಗಾಣದ ನೋಂದಣಿಯದು, ಅವನ ಮತ ಬೀದರ ಜಿಲ್ಲೆಯಲ್ಲಿ, ನಿಯಮ ಮಾಡಿದ್ದು ದಿಲ್ಲಿಯಲ್ಲಿ. ಗಡಿಯ ಕನ್ನಡಿಗನಿಗೆ ತನ್ನ ಶಾಸಕ ಯಾರೆಂಬುದೇ ಒಂದು ಒಗಟು. ಮೋಟಾರು ವಾಹನ ಕಾಯ್ದೆಯ 212ನೆಯ ಕಲಮು ಓದಿದಾಗ ದಾರಿ ಕಂಡಿತು. ನಿಯಮಗಳನ್ನು ಮೊದಲು ಕರಡಾಗಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ಕೇಂದ್ರದ ನಿಯಮವನ್ನು ಸಂಸತ್ತಿನ ಎರಡೂ ಸದನಗಳ ಮುಂದೆ 30 ದಿನ ಇಡಬೇಕು. ಸದನಗಳು ಒಪ್ಪಿದರೆ ಅದನ್ನು ತಿದ್ದಬಹುದು, ರದ್ದುಗೊಳಿಸಬಹುದು. ಆ ಗಡುವು ಎಂದೋ ಮುಗಿದಿತ್ತು. ಆದರೂ ಹೊಸ ತಿದ್ದುಪಡಿ ಕೇಳುವುದಕ್ಕೆ ಗಡುವಿಲ್ಲ. ದಿಲ್ಲಿಯ ಸಾರಿಗೆ ಭವನಕ್ಕೆ ಇಂಗ್ಲಿಷಿನಲ್ಲಿ, ಬೀದರದ ಸಂಸದರಿಗೆ ಕನ್ನಡದಲ್ಲಿ, ಇಲ್ಲಿಯ ಶಾಸಕರಿಗೆ ತೆಲುಗಿನಲ್ಲಿ ಬರೆದೆವು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ನಮ್ಮ ವಿಶೇಷಣಗಳೆಲ್ಲ ಉದುರಿದವು. 'ಸಂಕೋಲೆ' ತೆಲುಗಿಗೆ ಹೋಗಲೇ ಇಲ್ಲ.

ಕೊನೆಯ ರೂಪದಲ್ಲಿ ಅರ್ಜಿ ಒಂದೂವರೆ ಪುಟವಿತ್ತು. ಈ ಕಡ್ಡಾಯವನ್ನು ಈಗಿರುವಂತೆ ಮುಂದುವರಿಸುವುದನ್ನು ವಿರೋಧಿಸುತ್ತೇವೆ ಎಂದು ಮೊದಲ ವಾಕ್ಯ. ಉಪಕರಣದ ಬೆಲೆಗೂ ಪ್ರಮಾಣಪತ್ರದ ಶುಲ್ಕಕ್ಕೂ ಮಿತಿಯಿರಲಿ, ಕಳಪೆಯಾದರೆ ಹೊಣೆ ಮಾರಿದವನದಾಗಲಿ, ತಪಾಸಣೆ ಕಚೇರಿಯಲ್ಲಷ್ಟೇ ಅಲ್ಲದೆ ರಸ್ತೆಯ ಮೇಲೂ ನಡೆಯಲಿ ಎಂಬ ಮೂರು ಬೇಡಿಕೆ. ನಾಲ್ಕನೆಯದು ಅಕ್ಕ ತಾವೇ ಬರೆದದ್ದು: ವೇಗ ಕೊಲ್ಲುವುದು ನಿಜವಾದರೆ, ಅದು ಬಾಡಿಗೆಯ ಗಾಡಿ ಸ್ವಂತದ ಗಾಡಿ ಎಂದು ನೋಡಿ ಕೊಲ್ಲುವುದಿಲ್ಲ; ಮಿತಿ ಹಾಕುವುದಾದರೆ ನಮ್ಮ ಕಾರುಗಳಿಗೂ ಹಾಕಿರಿ.

ಇಲ್ಲಿ ನಮ್ಮಲ್ಲಿ ಜಗಳವಾಯಿತು. 158 ಕಿಲೋಮೀಟರಿನ ಹೊರವರ್ತುಲ ರಸ್ತೆಯಲ್ಲಿ 120ರವರೆಗೂ ಅನುಮತಿಯಿರುವಾಗ ಇದೇನು ಹುಚ್ಚೆಂದು ಇಬ್ಬರು ಕೇಳಿದರು. ಒಬ್ಬರು ಸಹಿ ಹಾಕದೆ ಎದ್ದುಹೋದರು. ಮೂರು ತಿಂಗಳು ಕೂಟಕ್ಕೆ ಬರಲಿಲ್ಲ. ಚಾಲಕನಿಗೂ ಪೂರ್ಣ ಸಮಾಧಾನವಾಗಲಿಲ್ಲ. "ತಗೀರಿ ಅಂತ ಬರೀರಿ ಅಂದ್ರ, ಎಲ್ಲಾರ್ಗೂ ಹಾಕ್ರಿ ಅಂತ ಬರದ್ರಿ" ಎಂದು ನಕ್ಕ. ಆದರೂ ಮೂರು ಪ್ರತಿಗಳಿಗೂ ಮೊದಲು ಸಹಿ ಹಾಕಿದವನು ಅವನೇ.

ಒಂದು ಕಚೇರಿಯಿಂದ ಪತ್ರ ತಲುಪಿದೆಯೆಂಬ ಎರಡು ಸಾಲಿನ ಉತ್ತರ ಬಂದಿತು. ಮಿಕ್ಕ ಎರಡು ಕಡೆಯಿಂದ ಏನೂ ಬರಲಿಲ್ಲ. ನಿಯಮ ಬದಲಾಗಲಿಲ್ಲ. ಚಾಲಕ ಸಾಲ ಮಾಡಿ ಉಪಕರಣ ಹಾಕಿಸಿದ. ಮರುದಿನ ತಂತಿ ಕೀಳಲಿಲ್ಲ. ಏಕೆಂದು ನಾವು ಕೇಳಲಿಲ್ಲ.

ಶ್ರಾವಣದಲ್ಲಿ ರಾಯರ ಆರಾಧನೆಗೆ ಅವನ ಗಾಡಿಯಲ್ಲೇ ಮಂತ್ರಾಲಯಕ್ಕೆ ಹೊರಟೆವು. ಹೆದ್ದಾರಿಯಲ್ಲಿ ಮುಳ್ಳು 80ಕ್ಕೆ ಬಂದು ನಿಂತಿತು. ಬಲಗಡೆಯಿಂದ ಕಾರುಗಳು ಒಂದರ ಹಿಂದೊಂದು ಹಾರಿಹೋದವು. ಜಡಚರ್ಲ ದಾಟುವಾಗ ಹೊತ್ತಾಯಿತೆಂದು ನಮ್ಮಲ್ಲೊಬ್ಬರು, "ಸ್ವಲ್ಪ ಬೇಗ..." ಎಂದು ಆರಂಭಿಸಿ ತಾವೇ ತಡೆದುಕೊಂಡರು. ಮುಂದಿನ ಆಸನದಲ್ಲಿ ಕುಳಿತಿದ್ದ ಅಕ್ಕ ಹಿಂದಿರುಗಿ ನೋಡಲಿಲ್ಲ. ಚಾಲಕ ಕನ್ನಡಿಯಲ್ಲಿ ನಮ್ಮನ್ನು ನೋಡಿ, "ನೀವೇ ಬರದೀರಿ ಕಾಕಾ" ಎಂದ.

ಮಠ ತಲುಪುವಷ್ಟರಲ್ಲಿ ಅಭಿಷೇಕ ಮುಗಿದಿತ್ತು. ತೀರ್ಥ ಪ್ರಸಾದ ಸಿಕ್ಕಿತು. ಮರಳಿ ಬಂದ ವಾರದಲ್ಲಿ ಸಾರಿಗೆ ಭವನಕ್ಕೆ ನೆನಪೋಲೆ ಬರೆದೆವು. ಈ ಸಲ ನಮ್ಮ ನಾಲ್ಕು ಕಾರುಗಳ ನೋಂದಣಿ ಸಂಖ್ಯೆಗಳನ್ನೂ ಕೆಳಗೆ ಬರೆದು, ಮೊದಲು ಇವುಗಳಿಗೆ ಹಾಕಿಸಲು ನಾವು ಸಿದ್ಧರಿದ್ದೇವೆಂದು ಸೇರಿಸಿದೆವು. ಎದ್ದುಹೋಗಿದ್ದವರು ಆಮೇಲೆ ಬಂದು ಆ ಪ್ರತಿಯನ್ನು ಓದಿದರು. ಅವರ ಸಹಿಗೆ ಜಾಗ ಬಿಟ್ಟೇ ಇಟ್ಟಿದ್ದೇವೆ.