ಆಗುಂಬೆಯ ಇಳಿಜಾರಿನಲ್ಲಿ

ಆಗುಂಬೆಯಿಂದ ಸೋಮೇಶ್ವರಕ್ಕಿಳಿಯುವ ದಾರಿಯಲ್ಲಿ ಹೇರುಪಿನ್ನಿನಂತಹ ತಿರುವುಗಳು 14 ಉಂಟು. ಮನೆಯ ಸಾಮಾನುಗಳನ್ನು ಹೇರಿದ ಪಿಕಪ್ ಗಾಡಿಯಲ್ಲಿ ನಾವು ನಾಲ್ಕನೆಯ ತಿರುವಿಗೆ ಬರುವಷ್ಟರಲ್ಲಿ ಕಮಟು ವಾಸನೆಯೊಂದು ಮೂಗಿಗೆ ಬಡಿಯಿತು. ಮೊದಲು ಅತ್ತೆಯವರ ಉಪ್ಪಿನಕಾಯಿ ಭರಣಿಯನ್ನೇ ಶಂಕಿಸಿದೆವು. ಅವರು ಮುಚ್ಚಳ ತೆರೆದು ತೋರಿಸಿ ನಮ್ಮನ್ನು ನಾಚಿಸಿದರು.

ರೇಡಿಯೇಟರಿನ ದ್ರವ ಸೋರಿದರೆ ಸಿಹಿ ಕಂಪು ಬರುವುದು. ಬ್ಯಾಟರಿ ಮಿತಿಮೀರಿ ಕಾದರೆ ಕೊಳೆತ ಮೊಟ್ಟೆಯ ನಾತ. ಇದು ಎರಡೂ ಅಲ್ಲ. ಅಗಲವಾದೆಡೆ ಗಾಡಿಯನ್ನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಒಂದೊಂದರ ಬಳಿಯೂ ಅಂಗೈ ಒಡ್ಡಿ ನೋಡಿದೆವು. ಹಿಂದಿನ ಎಡಚಕ್ರವೊಂದೇ ಒಲೆಯಂತೆ ಕಾದಿತ್ತು. ತುಕ್ಕು ತಿಂದ ಕೈಬ್ರೇಕಿನ ತಂತಿಯು ಬಿಟ್ಟರೂ ಹಿಂದೆ ಸರಿಯದೆ ಚಕ್ರವನ್ನು ಹಿಡಿದೇ ಇದ್ದಿತು. ಆ ಕಾವಿಗೆ ಬ್ರೇಕಿನ ಎಣ್ಣೆ ಕುದಿದಿದ್ದರೆ, ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲುತ್ತಿರಲಿಲ್ಲ. ಕೆಳಗೆ ಹತ್ತು ತಿರುವುಗಳು ಬಾಕಿ!

ಹುಡುಗನೊಬ್ಬನು ನೀರು ಸುರಿಯಲು ಕೊಡ ತಂದನು. ಕಾದ ಕಬ್ಬಿಣ ಬಿರಿದೀತೆಂದು ತಡೆದೆವು. ಗಂಟೆಯೊಂದು ಕಾದು, ತಂತಿಯ ತಿರುಪನ್ನು ಸಡಿಲಿಸಿ, ಎರಡನೆಯ ಗೇರಿನಲ್ಲಿಯೇ ಮೆಲ್ಲನೆ ಇಳಿದೆವು. ಸೋಮೇಶ್ವರದಲ್ಲಿ ಮುಟ್ಟಿ ನೋಡಲು ಚಕ್ರ ಬೆಚ್ಚಗಿತ್ತು, ಅಷ್ಟೇ. ಹೆಬ್ರಿಯಲ್ಲಿ ಹೊಸ ತಂತಿ ಹಾಕಿಸಿದೆವು. ಭರಣಿಯು ಮಾತ್ರ ಉಡುಪಿಯವರೆಗೂ ಅತ್ತೆಯವರ ತೊಡೆಯ ಮೇಲೆಯೇ ಕುಳಿತು ಬಂದಿತು.