ಪದವಿಯೂ ಉದ್ಯೋಗವೂ

ಪದವಿ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ದಾರಿ, ಹೆಜ್ಜೆಯ ಜಾಡು ಎಂಬುದೇ ಮೊದಲ ಅರ್ಥ. ಸ್ಥಾನ, ಅಧಿಕಾರ ಎಂಬ ಅರ್ಥಗಳು ಅನಂತರ ಬಂದುವು. ಉದ್ಯೋಗವೆಂಬ ಮಾತಿಗೂ ಪ್ರಯತ್ನವೆಂಬುದು ಮೂಲಾರ್ಥ; ನಾವು ಕನ್ನಡಿಗರು ಅದನ್ನು ನೌಕರಿಯೆಂಬ ಅರ್ಥಕ್ಕೆ ರೂಢಿಮಾಡಿಕೊಂಡೆವು. ಉದ್ಯೋಗ, ಯೋಗ್ಯತೆ ಎರಡೂ ‘ಯುಜ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ನೊಗಕ್ಕೆ ಹೂಡಬಲ್ಲ ಎತ್ತು ಯಾವುದೋ ಅದು ಯೋಗ್ಯ. ಬಹುಕಾಲ ಹುಡುಗರಿಗೆ ಶಬ್ದಾರ್ಥಗಳನ್ನು ಹೇಳಿಕೊಟ್ಟ ನನಗೆ, ಈಗಿನ ಪದವೀಧರರ ಸಂಕಟವನ್ನು ಕಂಡಾಗಲೆಲ್ಲ ಈ ಅರ್ಥಗಳು ನೆನಪಿಗೆ ಬರುತ್ತವೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಊರಿಗೊಬ್ಬ ಪದವೀಧರನು ಸಿಕ್ಕುವುದೂ ದುರ್ಲಭವಾಗಿತ್ತು. ಈಗ ಬೀದಿಬೀದಿಯಲ್ಲಿಯೂ ಪದವೀಧರರಿದ್ದಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ದೆಹಲಿಯ ವಿದ್ವಾಂಸರೊಡನೆ ಕೂಡಿ 2024ರಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, 2022ರಲ್ಲಿ ನಮ್ಮ ದೇಶದ ತರುಣ ಪದವೀಧರರಲ್ಲಿ ನಿರುದ್ಯೋಗಿಗಳು ನೂರಕ್ಕೆ 29.1, ಓದುಬರಹ ಬಾರದ ತರುಣರಲ್ಲಿ ನೂರಕ್ಕೆ 3.4 ಮಾತ್ರ. ಓದಿದುದರಿಂದಲೇ ಕೆಟ್ಟರೆಂದು ಇದರಿಂದ ಸಿದ್ಧಾಂತ ಮಾಡಲಾಗದು. ಓದದವನಿಗೆ ಕಾದು ಕುಳಿತಿರುವ ಅನುಕೂಲವಿಲ್ಲ; ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನು ತನ್ನ ಓದಿಗೆ ತಕ್ಕುದು ದೊರೆಯಲಿ ಎಂದು ಕಾಯುತ್ತಾನೆ. ಅವನೊಡನೆ ಅವನ ಮನೆಯೂ ಕಾಯುತ್ತದೆ. ಹೊಲವನ್ನು ಅಡವಿಟ್ಟು ಶುಲ್ಕ ಕಟ್ಟಿದ ತಂದೆಗೂ, ನೆಂಟರ ಮುಂದೆ ಉತ್ತರ ಹೇಳಬೇಕಾದ ತಾಯಿಗೂ ಆ ಒಂದೊಂದು ತಿಂಗಳು ಎಷ್ಟು ದೀರ್ಘವೆಂಬುದನ್ನು ಅನುಭವಿಸಿದವರೇ ಬಲ್ಲರು. ಕರ್ನಾಟಕ ಸರಕಾರವು 2023ರಲ್ಲಿ ಯುವನಿಧಿ ಎಂಬ ಯೋಜನೆಯನ್ನು ಹೂಡಿ, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿಗಳನ್ನೂ ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಗಳನ್ನೂ ಗೊತ್ತುಮಾಡಿತು. ಬಾಯಾರಿದವನಿಗೆ ಇದು ನೀರು. ಆದರೆ ಎರಡು ವರ್ಷಗಳ ಅವಧಿಯ ನೀರು. ಬಾವಿ ತೋಡುವ ಕೆಲಸ ಉಳಿದೇ ಇದೆ.

ನನ್ನ ಹಳೆಯ ಶಿಷ್ಯರೊಬ್ಬರು ಕಿರಾಣಿ ಅಂಗಡಿ ಇಟ್ಟಿದ್ದಾರೆ. ಅವರ ಮಗನು ಬಿ.ಕಾಂ. ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವನು. ಅರ್ಜಿ ತಿದ್ದಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದನು. ಮೂರು ಸಂದರ್ಶನಗಳಿಗೆ ಹೋಗಿ, ಮೂರರಲ್ಲಿಯೂ ಬಾಯಿ ಕಟ್ಟಿ ಹಿಂದಿರುಗಿದ್ದನಂತೆ. “ಅಂಗಡಿಯ ಲೆಕ್ಕವನ್ನು ಯಾರು ಬರೆಯುತ್ತಾರಪ್ಪ?” ಎಂದು ಕೇಳಿದೆನು. “ಅಪ್ಪನೇ ಬರೆಯುತ್ತಾರೆ, ಮೇಷ್ಟ್ರೇ. ನಾನು ಅದನ್ನು ನೋಡಿಲ್ಲ” ಎಂದನು. ಮೂರು ವರ್ಷ ಜಮಾಖರ್ಚಿನ ಶಾಸ್ತ್ರವನ್ನು ಓದಿದ ಹುಡುಗನು, ತನ್ನನ್ನು ಓದಿಸಿದ ಅಂಗಡಿಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿರಲಿಲ್ಲ! ತಂದೆಯೂ “ನೀನು ಓದಿಕೋ, ಇದು ನಿನಗೇಕೆ?” ಎಂದು ಪ್ರೀತಿಯಿಂದಲೇ ದೂರವಿರಿಸಿದ್ದರು. ಒಂದು ವರ್ಷದ ಲೆಕ್ಕವನ್ನು ಸರಿಯಾಗಿ ಬರೆದುಕೊಂಡು ಬಾ ಎಂದು ಕಳುಹಿಸಿದೆನು. ಎರಡು ತಿಂಗಳು ಹಿಡಿಯಿತು. ಯಾವ ಸಾಮಾನಿನಲ್ಲಿ ಲಾಭ, ಯಾವುದರಲ್ಲಿ ನಷ್ಟ, ಕಡ ಕೊಟ್ಟುದು ಎಲ್ಲಿ ನಿಂತಿದೆ ಎಂಬುದು ಅವನಿಗೂ ತಿಳಿಯಿತು, ತಂದೆಗೂ ತಿಳಿಯಿತು. ಈಗ ಅವನು ಒಬ್ಬ ಲೆಕ್ಕಪರಿಶೋಧಕರ ಬಳಿ ಕೆಲಸಕ್ಕಿದ್ದಾನೆ. ಸಂಬಳ ಅಲ್ಪ, ಆದರೆ ಕೇಳಿದ ಪ್ರಶ್ನೆಗೆ ಬಾಯಿ ಕಟ್ಟುವುದಿಲ್ಲ.

ವಿಶ್ವವಿದ್ಯಾನಿಲಯವೇನು ಕಾರಖಾನೆಗಳಿಗೆ ಆಳುಗಳನ್ನು ಒದಗಿಸುವ ಮಂಡಿಯೇ ಎಂದು ಕೆಲವರು ವಿದ್ವಾಂಸರು ಕೇಳುವುದುಂಟು. ಕಾವ್ಯವ್ಯಾಕರಣಗಳಲ್ಲಿ ಆಯುಷ್ಯವನ್ನು ಕಳೆದ ನಾನು ಈ ಆಕ್ಷೇಪವನ್ನು ಹಗುರವಾಗಿ ಎಣಿಸೆನು. ವಿದ್ಯೆಗೆ ಹೊಟ್ಟೆಪಾಡೊಂದೇ ಪ್ರಯೋಜನವಲ್ಲ. ಆದರೆ ಓದುವುದು, ತಿಳಿಯುವುದು, ನಡೆಸುವುದು, ಇತರರಿಗೆ ತಿಳಿಸುವುದು ಎಂದು ನಮ್ಮ ಹಿಂದಿನವರೇ ವಿದ್ಯೆಗೆ ನಾಲ್ಕು ದಶೆಗಳನ್ನು ಹೇಳಿದ್ದಾರೆ. ಪ್ರಶ್ನೋತ್ತರದ ಗೈಡುಗಳನ್ನು ನಂಬಿದವನು ಮೊದಲನೆಯದರಲ್ಲಿಯೇ ನಿಲ್ಲುತ್ತಾನೆ. ಸಂದರ್ಶನದಲ್ಲಿ ಕೇಳುವುದು ಮೂರನೆಯದನ್ನೂ ನಾಲ್ಕನೆಯದನ್ನೂ: ಏನನ್ನು ಮಾಡಬಲ್ಲೆ, ಅದನ್ನು ವಿವರಿಸಬಲ್ಲೆಯಾ ಎಂದು. ಇವನ್ನು ಕಲಿಸಿದರೆ ವಿದ್ಯೆಯ ಗೌರವಕ್ಕೆ ಕುಂದಿಲ್ಲ, ಅದು ಪೂರ್ಣವಾಗುತ್ತದೆ.

ಇದಕ್ಕೆ ಮಾರ್ಗಗಳು ಇಲ್ಲದೆ ಇಲ್ಲ. 1961ರ ಅಪ್ರೆಂಟಿಸ್ ಕಾಯಿದೆಯು ಮೊದಲು ಕೈಕಸಬುಗಳಿಗೆ ಮೀಸಲಾಗಿತ್ತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ, 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ಅದರ ಬಾಗಿಲು ತೆರೆಯಿತು. ಕೆಲಸ ಕಲಿಯುತ್ತಿರುವಾಗಲೇ ಒಂದಿಷ್ಟು ಭತ್ಯವೂ ದೊರೆಯುತ್ತದೆ. ಬಿ.ಎ. ಓದಿದವರಿಗೂ ಇಂಥದೊಂದು ಅವಕಾಶವುಂಟೆಂಬುದನ್ನು ನಾನು ಹೇಳುವವರೆಗೆ ಕೇಳಿಯೇ ಇರದ ಮನೆಗಳನ್ನು ಕಂಡಿದ್ದೇನೆ.

ಕಡೆಯದಾಗಿ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ಒಂದು ಅರಿಕೆ. ಮಗನು ಓದುತ್ತಿದ್ದಾನೆಂದು ಬ್ಯಾಂಕಿನ ಚೀಟಿಯನ್ನೂ ವಿದ್ಯುತ್ತಿನ ಬಿಲ್ಲನ್ನೂ ಅವನ ಕೈಗೆ ಕೊಡದಿರುವುದು ವಾತ್ಸಲ್ಯವಲ್ಲ. ಮಗಳಿಗೆ ಪದವಿ ಕೊಡಿಸಿ, ಮದುವೆಯಾಗುವವರೆಗೆ ಮನೆಯಲ್ಲಿರಲಿ ಎನ್ನುವುದಂತೂ ದೀಪ ಹಚ್ಚಿ ಮೇಲೆ ಗಡಿಗೆ ಕವುಚಿದಂತೆ. ಕೆಲಸ ದೊರೆಯುವುದು ತಡವಾದರೆ ಊಟದ ಹೊತ್ತಿನಲ್ಲಿ ಚುಚ್ಚಿ ಆಡಬೇಡಿರಿ. ಇಂದು ಏನನ್ನು ಕಲಿತೆ ಎಂದು ಕೇಳಿರಿ. ಆ ಪ್ರಶ್ನೆಗೆ ದಿನವೂ ಒಂದು ಉತ್ತರವಿರುವ ಹುಡುಗನಾಗಲಿ ಹುಡುಗಿಯಾಗಲಿ ನಡೆಯುತ್ತಲೇ ಇರುತ್ತಾರೆ. ನಡೆಯುವವರಿಗೆ ಅಲ್ಲವೇ ದಾರಿ?